ವಾಲ್ಟರ್ ಟಲ್: ಎರಡು ಕ್ಲಬ್ಬು, ಒಂದು ಯುದ್ಧ



1909ರಲ್ಲಿ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರನಿಗೆ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಎಷ್ಟೇ ದೊಡ್ಡ ಆಟಗಾರನಾಗಲಿ, ನಿಯಮ ಒಂದೇ. ಕ್ಲಬ್ಬಿಗೆ ಸೇರುವಾಗ ಕೈಗೆ ಕೊಡುವ ಮೊತ್ತಕ್ಕೂ ಹತ್ತು ಪೌಂಡಿನ ಮಿತಿ ಇತ್ತು. ಆ ವರ್ಷ ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬು 21 ವರ್ಷದ ಒಬ್ಬ ಯುವಕನಿಗೆ ಎರಡನ್ನೂ ಪೂರ್ತಿಯಾಗಿ ಕೊಟ್ಟಿತು. ಆತ ಅನಾಥಾಲಯದಲ್ಲಿ ಬೆಳೆದು ಮುದ್ರಣಾಲಯದ ಕೆಲಸ ಕಲಿತವರು. ಅಜ್ಜ ಬಾರ್ಬಡೋಸ್ ದ್ವೀಪದ ಕಬ್ಬಿನ ತೋಟಗಳ ಕಾಲದ ಗುಲಾಮ. ಹೆಸರು ವಾಲ್ಟರ್ ಟಲ್.

ಇಂಗ್ಲೆಂಡಿನ ಅಗ್ರ ದರ್ಜೆಯ ಲೀಗ್‌ನಲ್ಲಿ ಆಡಿದ ಮೊದಮೊದಲ ಕಪ್ಪು ಆಟಗಾರರಲ್ಲಿ ಟಲ್ ಒಬ್ಬರು. ಅವರೇ ಮೊದಲಿಗರಲ್ಲ. ಅವರಿಗಿಂತ ಮುಂಚೆ, ಇಂದಿನ ಘಾನಾದ ಅಕ್ರಾದಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ ಗೋಲ್‌ಕೀಪರ್ ಆಗಿ ಹೆಸರು ಮಾಡಿದ್ದರು. ನೂರು ಗಜದ ಓಟವನ್ನು ಹತ್ತು ಸೆಕೆಂಡಿನಲ್ಲಿ ಮುಗಿಸಿ 1886ರಲ್ಲಿ ದಾಖಲೆ ಬರೆದಿದ್ದ ಓಟಗಾರರೂ ಅವರೇ. ಇನ್ನೂ ಹಿಂದಕ್ಕೆ ಹೋದರೆ, 1881ರಲ್ಲೇ ಆಂಡ್ರ್ಯೂ ವಾಟ್ಸನ್ ಎಂಬವರು ಸ್ಕಾಟ್ಲೆಂಡ್ ತಂಡದ ನಾಯಕರಾಗಿ ಇಂಗ್ಲೆಂಡನ್ನು ಆರು–ಒಂದರಿಂದ ಸೋಲಿಸಿ ಬಂದಿದ್ದರು. ಅವರು ಹುಟ್ಟಿದ್ದು ಬ್ರಿಟಿಷ್ ಗಯಾನಾದಲ್ಲಿ. ಆದ್ದರಿಂದ ಟಲ್ ಅವರನ್ನು ‘ಮೊದಲಿಗ’ ಎಂದು ಕರೆದು ಚಪ್ಪಾಳೆ ತಟ್ಟಿ ಮುಂದೆ ಹೋಗುವುದು ನ್ಯಾಯವಲ್ಲ. ಅವರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ವಿಷಯವಿದೆ. ಅವರ ಆಟದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಮೈದಾನದಲ್ಲಿ ಅವಮಾನವಾದಾಗ ಅವರ ಪಕ್ಕದಲ್ಲಿ ಯಾರು ನಿಂತರು, ಯಾರು ಸರಿದುಕೊಂಡರು ಎಂಬುದರ ಮೇಲೆ ಅವರ ಆಟದ ದಾರಿಯೇ ಬದಲಾಯಿತು. ಇವತ್ತು ಹೇಳಬೇಕೆಂದಿರುವುದು ಆ ಕಥೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಕೆಂಟ್ ಪ್ರಾಂತ್ಯದಲ್ಲಿ, ಫೋಕ್‌ಸ್ಟೋನ್ ಎಂಬ ಬಂದರು ಊರಿದೆ. ಬಾರ್ಬಡೋಸಿನಿಂದ ಹೊರಟ ಡೇನಿಯಲ್ ಟಲ್ ಎಂಬ ಬಡಗಿ 1876ರಲ್ಲಿ ಅಲ್ಲಿಗೆ ಬಂದು ನೆಲೆಸಿದ. ಅಲ್ಲಿನ ಆಲಿಸ್ ಪಾಮರ್ ಎಂಬ ಹುಡುಗಿಯನ್ನು ಮದುವೆಯಾದ. 1888ರ ಏಪ್ರಿಲ್ 28ರಂದು ಈ ದಂಪತಿಗೆ ಹುಟ್ಟಿದವನು ವಾಲ್ಟರ್. ಮನೆ ತುಂಬ ಮಕ್ಕಳು, ಒಬ್ಬನ ದುಡಿಮೆ. 1895ರಲ್ಲಿ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮಕ್ಕಳನ್ನು ನೋಡಿಕೊಳ್ಳಲೆಂದು ತಂದೆ ಆಕೆಯ ಸೋದರಸಂಬಂಧಿ ಕ್ಲಾರಾಳನ್ನೇ ಮದುವೆಯಾದ. ಎರಡು ವರ್ಷ ಕಳೆಯುವುದರೊಳಗೆ ತಂದೆಯೂ ಹೃದಯದ ಕಾಯಿಲೆಯಿಂದ ಹೋದ. ಮಲತಾಯಿ ಎಂದ ಕೂಡಲೇ ನಮ್ಮ ಕಥೆಗಳಲ್ಲಿ ಒಂದು ಚಿತ್ರ ಸಿದ್ಧವಾಗಿರುತ್ತದೆ. ಕ್ಲಾರಾಳನ್ನು ಆ ಚಿತ್ರದೊಳಗೆ ಕೂರಿಸುವುದು ತಪ್ಪು. ಕೈಯಲ್ಲೊಂದು ಎಳೆಗೂಸು, ಸುತ್ತ ಸವತಿಯ ಮಕ್ಕಳು, ದುಡಿಯುವ ಗಂಡಸಿಲ್ಲ. ಹೇಗೋ ಬದುಕಿಸಬೇಕು ಎಂದು ಇಬ್ಬರು ಹುಡುಗರನ್ನು, ಎಡ್ವರ್ಡ್ ಮತ್ತು ವಾಲ್ಟರನ್ನು, 1898ರಲ್ಲಿ ಲಂಡನ್ನಿಗೆ ಕಳುಹಿಸಿಕೊಟ್ಟಳು.

ಹುಡುಗರು ಬಂದು ಸೇರಿದ್ದು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ, ಬಾನರ್ ರಸ್ತೆಯಲ್ಲಿದ್ದ ಮೆಥಡಿಸ್ಟ್ ಅನಾಥಾಲಯಕ್ಕೆ. ಆಗ ವಾಲ್ಟರನಿಗೆ ಒಂಬತ್ತು ವರ್ಷ. ಅನಾಥಾಲಯಕ್ಕೆ ಒಂದು ಗಾಯನ ತಂಡವಿತ್ತು. ಮಕ್ಕಳು ಊರೂರಿಗೆ ಹೋಗಿ ಹಾಡಿ, ಸಂಸ್ಥೆಗೆ ಹಣ ಕೂಡಿಸಿ ತರುತ್ತಿದ್ದರು. ಹಾಗೆ ಹಾಡಲು ಹೋದಾಗ ಗ್ಲಾಸ್ಗೊ ನಗರದ ವಾರ್ನಾಕ್ ಕುಟುಂಬ ಎಡ್ವರ್ಡನನ್ನು ಮೆಚ್ಚಿ 1900ರಲ್ಲಿ ದತ್ತು ತೆಗೆದುಕೊಂಡಿತು. ಮುಂದೆ ಎಡ್ವರ್ಡ್ ಅಲ್ಲೇ ಓದಿ ದಂತವೈದ್ಯರಾದರು. ಆ ವೃತ್ತಿಯಲ್ಲಿ ಬ್ರಿಟನ್ನಿನಲ್ಲಿ ಕಪ್ಪು ಜನಾಂಗದವರು ಆಗ ಇರಲಿಲ್ಲವೆಂದೇ ಹೇಳಬೇಕು. ಅಣ್ಣನಿಗೆ ಮನೆ ಸಿಕ್ಕಿತು, ತಮ್ಮ ಅನಾಥಾಲಯದಲ್ಲಿ ಉಳಿದ. ಹನ್ನೆರಡು ವರ್ಷದ ಹುಡುಗನಿಗೆ ತಾಯಿ, ತಂದೆ, ಅಣ್ಣ, ಮೂವರೂ ಐದೇ ವರ್ಷದೊಳಗೆ ಕೈತಪ್ಪಿದ್ದರು. ಆದರೆ ಅಣ್ಣತಮ್ಮಂದಿರ ನಂಟು ಹರಿಯಲಿಲ್ಲ, ಕೊನೆಯವರೆಗೂ ಇತ್ತು. ವಾಲ್ಟರ್ ಮುದ್ರಣದ ಕೆಲಸಕ್ಕೆ ಸೇರಿದ. ಅನಾಥಾಲಯದ ಫುಟ್‌ಬಾಲ್ ತಂಡದಲ್ಲಿ ಆಡುತ್ತ ಬೆಳೆದ.

1908ರಲ್ಲಿ ಕ್ಲ್ಯಾಪ್ಟನ್ ಎಂಬ ಹವ್ಯಾಸಿ ಕ್ಲಬ್ಬು ಇಪ್ಪತ್ತು ವರ್ಷದ ಟಲ್ ಅವರನ್ನು ಸೇರಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಅವರು ಮೊದಲ ತಂಡಕ್ಕೆ ಬಂದರು. ಆ ಒಂದೇ ಋತುವಿನಲ್ಲಿ ಕ್ಲ್ಯಾಪ್ಟನ್ ಮೂರು ಕಪ್ ಗೆದ್ದಿತು. ಅದರಲ್ಲಿ ಹವ್ಯಾಸಿ ಕ್ಲಬ್ಬುಗಳ ಪಾಲಿಗೆ ದೊಡ್ಡದಾದ ಎಫ್.ಎ. ಅಮೆಚೂರ್ ಕಪ್ಪೂ ಒಂದು. ‘ಫುಟ್‌ಬಾಲ್ ಸ್ಟಾರ್’ ಪತ್ರಿಕೆ 1909ರ ಮಾರ್ಚ್‌ನಲ್ಲಿ, ಈ ಋತುವಿನಲ್ಲಿ ಯಾವುದೇ ಕ್ಲಬ್ಬಿಗೆ ಸಿಕ್ಕ ಅತ್ಯುತ್ತಮ ಆಟಗಾರ ಇವರೇ ಎಂದು ಹೊಗಳಿತು. ಟಾಟೆನ್‌ಹ್ಯಾಮ್ ಕಣ್ಣು ಬಿದ್ದದ್ದು ಆಗ. ಕ್ಲಬ್ಬು ಆಗಷ್ಟೇ ಎರಡನೆಯ ದರ್ಜೆಯಿಂದ ಮೊದಲನೆಯ ದರ್ಜೆಗೆ ಏರಿತ್ತು. ಬೇಸಿಗೆಯಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ಪ್ರವಾಸಕ್ಕೆ ಟಲ್ ಅವರನ್ನೂ ಕರೆದುಕೊಂಡು ಹೋಯಿತು. ಅಲ್ಲಿನ ಪ್ರೇಕ್ಷಕರು ಅವರ ಆಟ ಮೆಚ್ಚಿದರು. ಊರಿಗೆ ಮರಳಿದ ಮೇಲೆ ಆದದ್ದೇ ನಾನು ಆರಂಭದಲ್ಲಿ ಹೇಳಿದ ಒಪ್ಪಂದ.

ಅವರು ಎಂಥ ಆಟಗಾರ ಎಂದು ತಿಳಿಯಬೇಕಾದರೆ ಆ ಕಾಲದ ಆಟದ ರೀತಿಯನ್ನು ಸ್ವಲ್ಪ ನೋಡಬೇಕು. ಆಗ ಹಿಂದೆ ಇಬ್ಬರು ಫುಲ್ ಬ್ಯಾಕ್, ನಡುವೆ ಮೂವರು ಹಾಫ್ ಬ್ಯಾಕ್, ಮುಂದೆ ಐವರು ಫಾರ್ವರ್ಡ್. ಆ ಐವರಲ್ಲಿ ಅಂಚಿನ ಆಟಗಾರನಿಗೂ ನಡುವಿನ ಸೆಂಟರ್ ಫಾರ್ವರ್ಡ್‌ಗೂ ಮಧ್ಯೆ ಆಡುವವನು ಇನ್‌ಸೈಡ್ ಫಾರ್ವರ್ಡ್. ಟಲ್ ಅವರ ಜಾಗ ಅದು. ಹಾಫ್ ಬ್ಯಾಕ್ ಕೊಟ್ಟ ಚೆಂಡನ್ನು ಎದುರಾಳಿಗಳ ಗುಂಪಿನ ನಡುವೆ ಹಿಡಿದಿಟ್ಟುಕೊಂಡು, ತಲೆ ಎತ್ತಿ ನೋಡಿ, ಓಡುತ್ತಿರುವವನ ಕಾಲಿಗೆ ಸರಿಯಾಗಿ ಮುಟ್ಟಿಸಬೇಕು. ಗೋಲು ಹೊಡೆದವನ ಹೆಸರು ಮಾರನೆಯ ದಿನದ ಪತ್ರಿಕೆಯಲ್ಲಿ ಬರುತ್ತದೆ, ಆ ಗೋಲಿಗೆ ದಾರಿ ಮಾಡಿದ ಇನ್‌ಸೈಡ್ ಫಾರ್ವರ್ಡ್ ಹೆಸರು ಎಷ್ಟೋ ಸಲ ಬರುವುದಿಲ್ಲ. ಟಲ್ ಅವರದು ಬಿರುಸಿನ ಓಟಕ್ಕಿಂತ ತಲೆ ಓಡಿಸುವ ಆಟ. ಆತುರವಿಲ್ಲ, ಎದುರಾಳಿಗೆ ಮೈಯಿಂದ ಗುದ್ದುವ ಚಪಲವಿಲ್ಲ. ಪಾಸ್ ಎಂದರೆ ಅಳೆದು ಕೊಟ್ಟ ಹಾಗೆ. ಸೆಪ್ಟೆಂಬರಿನಲ್ಲಿ ಸಂಡರ್‌ಲೆಂಡ್ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದರು. ತವರಿನ ಮೈದಾನದಲ್ಲಿ ಅವರ ಮೊದಲ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಆ ವರ್ಷದ ಎಫ್.ಎ. ಕಪ್ ಗೆದ್ದಿದ್ದ ತಂಡ ಅದು. ನೋಡಲು ಸೇರಿದ್ದವರು ಮೂವತ್ತು ಸಾವಿರಕ್ಕೂ ಹೆಚ್ಚು. ವರದಿಗಾರರು ಟಲ್ ಅವರ ಚೆಂಡಿನ ಹಿಡಿತವನ್ನು, ಸಮಾಧಾನವನ್ನು ಕೊಂಡಾಡಿದರು.

ಮರುತಿಂಗಳು ಬ್ರಿಸ್ಟಲ್‌ನಲ್ಲಿ ಪಂದ್ಯ. ಎದುರಾಳಿ ಬ್ರಿಸ್ಟಲ್ ಸಿಟಿ. ಇಪ್ಪತ್ತು ಸಾವಿರದ ಹತ್ತಿರ ಜನ. ಅವರಲ್ಲಿ ಒಂದು ಗುಂಪು ಟಲ್ ಅವರಿಗೆ ಚೆಂಡು ಬಂದಾಗಲೆಲ್ಲ ಚರ್ಮದ ಬಣ್ಣ ಎತ್ತಿ ಬೈಯತೊಡಗಿತು. ಹಳೆಯ ಇಂಗ್ಲಿಷ್ ಮೈದಾನಗಳಲ್ಲಿ ಪ್ರೇಕ್ಷಕರಿಗೂ ಆಟದ ಗೆರೆಗೂ ನಡುವೆ ಅಂತರವೇ ಇರುತ್ತಿರಲಿಲ್ಲ. ಒಬ್ಬೊಬ್ಬನ ಬೈಗುಳವೂ ಆಟಗಾರನ ಕಿವಿಗೆ ಬಂದು ಬಡಿಯುತ್ತಿತ್ತು. ಅಂಥದರಲ್ಲಿ ತೊಂಬತ್ತು ನಿಮಿಷ ಅವರು ತಿರುಗಿ ನೋಡದೆ ಆಡಿದರು. ‘ಫುಟ್‌ಬಾಲ್ ಸ್ಟಾರ್’ ವರದಿಗಾರ ಆ ದಿನ ಸುಮ್ಮನಿರಲಿಲ್ಲ. ಆಟದಲ್ಲಿ ಜನಾಂಗದ್ವೇಷ ಎಂಬುದನ್ನೇ ತಲೆಬರಹ ಮಾಡಿ ಬರೆದ. ಕೇಳಿಬಂದ ಭಾಷೆ ಲಂಡನ್ನಿನ ಮೀನುಪೇಟೆಯ ಬೈಗುಳಕ್ಕಿಂತ ಕೀಳಾಗಿತ್ತು ಎಂದ. ಬೈದವರು ಕೆಲವೇ ಮಂದಿ ಎಂಬುದನ್ನೂ ಹೇಳಿದ. ಆಡುವ ಬಿಳಿಯರೆಲ್ಲರಿಗೂ ಟಲ್ ನಡತೆಯಲ್ಲಿ ಮಾದರಿ ಎಂದ. ಸಾಮರ್ಥ್ಯ ನೋಡಿದರೆ ಆ ದಿನ ಮೈದಾನದಲ್ಲಿದ್ದ ಫಾರ್ವರ್ಡ್‌ಗಳಲ್ಲಿ ಟಲ್ ಅವರೇ ಮೇಲು ಎಂದೂ ಬರೆದ. 1909ರಲ್ಲಿ ಒಂದು ಕ್ರೀಡಾ ಪತ್ರಿಕೆ ಇಷ್ಟು ನೇರವಾಗಿ ಬರೆದಿತ್ತು ಎಂಬುದು ನೆನಪಿಟ್ಟುಕೊಳ್ಳಬೇಕಾದ ಸಂಗತಿ. ‘ಅದು ಆ ಕಾಲದ ರೂಢಿ, ಆಗ ಯಾರಿಗೂ ಅದು ತಪ್ಪೆಂದು ಅನಿಸುತ್ತಿರಲಿಲ್ಲ’ ಎಂದು ಇವತ್ತು ಸಮಜಾಯಿಷಿ ಹೇಳುವವರಿಗೆ ಆ ವರದಿಯೇ ಉತ್ತರ. ತಪ್ಪು ತಪ್ಪೇ ಎಂದು ಆಗಲೂ ಗೊತ್ತಿತ್ತು.

ಆದರೆ ಕ್ಲಬ್ಬು ಏನು ಮಾಡಿತು? ಹೆಚ್ಚು ದಿನ ಕಳೆಯುವ ಮುಂಚೆಯೇ ಟಲ್ ಅವರನ್ನು ಮೊದಲ ತಂಡದಿಂದ ತೆಗೆದು ಮೀಸಲು ತಂಡಕ್ಕೆ ಹಾಕಿತು. ಟಾಟೆನ್‌ಹ್ಯಾಮ್ ಪರ ಅವರು ಆಡಿದ್ದು ಒಟ್ಟು ಹತ್ತು ಲೀಗ್ ಪಂದ್ಯ, ಹೊಡೆದದ್ದು ಎರಡು ಗೋಲು. ಆಟ ಕೆಟ್ಟಿದ್ದರಿಂದ ತೆಗೆದರು ಎನ್ನಲು ಪತ್ರಿಕೆಗಳ ವರದಿಗಳು ಬಿಡುವುದಿಲ್ಲ. ಬೈದವರು ಬ್ರಿಸ್ಟಲ್‌ನ ಕೆಲವು ಪುಂಡರು, ಆದರೆ ಶಿಕ್ಷೆ ಆದದ್ದು ಬೈಸಿಕೊಂಡವರಿಗೆ. ಪ್ರತಿ ಊರಿನಲ್ಲೂ ಗಲಾಟೆ ಏಕೆ ಎಂದು ಆಟಗಾರನನ್ನೇ ಕಣ್ಮರೆ ಮಾಡುವುದು ಸುಲಭದ ದಾರಿ. ಟಾಟೆನ್‌ಹ್ಯಾಮ್ ಹಿಡಿದದ್ದು ಆ ದಾರಿ ಎಂದೇ ನನ್ನ ಅಭಿಪ್ರಾಯ. ಪುಂಡರಿಗಿಂತ ಹೆಚ್ಚಿನ ಹೊಣೆ ಕ್ಲಬ್ಬಿನದು. ಎರಡು ವರ್ಷ ಟಲ್ ಮೀಸಲು ತಂಡದಲ್ಲಿ ಗೋಲು ಹೊಡೆಯುತ್ತ, ಕರೆ ಬರದೆ ಕಾದರು.

1911ರ ಅಕ್ಟೋಬರಿನಲ್ಲಿ ಕರೆ ಬಂತು, ಬೇರೆ ಕಡೆಯಿಂದ. ಲಂಡನ್ನಿನ ವಾಯವ್ಯಕ್ಕೆ ನಾರ್ಥಾಂಪ್ಟನ್ ಎಂಬ ಊರಿದೆ. ಬೂಟು, ಚಪ್ಪಲಿ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಫುಟ್‌ಬಾಲ್ ಕ್ಲಬ್ಬನ್ನು ಜನ ‘ಕಾಬ್ಲರ್ಸ್’, ಅಂದರೆ ‘ಚಮ್ಮಾರರು’, ಎಂದೇ ಅಕ್ಕರೆಯಿಂದ ಕರೆಯುತ್ತಾರೆ. ಆ ಕ್ಲಬ್ಬಿನ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿ, ಆಧುನಿಕ ಫುಟ್‌ಬಾಲ್ ನಿರ್ವಹಣೆಯ ಗುರು ಎನಿಸಿಕೊಂಡ ಅದೇ ಚಾಪ್ಮನ್. ಹಿಂದೆ ಸ್ವತಃ ಟಾಟೆನ್‌ಹ್ಯಾಮ್‌ಗೆ ಆಡಿದ್ದವರು. ಅವರಿಗೆ ಟಲ್ ಬೇಕೆನಿಸಿತು. ಒಳ್ಳೆಯ ಮೊತ್ತದ ಜೊತೆಗೆ ತಮ್ಮ ಒಬ್ಬ ಆಟಗಾರನನ್ನೂ ಟಾಟೆನ್‌ಹ್ಯಾಮ್‌ಗೆ ಬಿಟ್ಟುಕೊಟ್ಟು ಟಲ್ ಅವರನ್ನು ಕರೆತಂದರು. ಚಾಪ್ಮನ್ ಮಾಡಿದ ಇನ್ನೊಂದು ಬದಲಾವಣೆಯಲ್ಲಿ ಅವರ ಕಣ್ಣಿನ ಚುರುಕು ಕಾಣುತ್ತದೆ. ಮುಂಚೂಣಿಯಿಂದ ಟಲ್ ಅವರನ್ನು ಹಿಂದಕ್ಕೆ ತಂದು ಹಾಫ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿದರು. ಇಡೀ ಆಟ ಕಣ್ಣೆದುರು ಹರಡಿಕೊಳ್ಳುವ ಜಾಗ ಅದು. ಎದುರಾಳಿಯಿಂದ ಚೆಂಡು ಕಸಿದು, ಸಾವಧಾನವಾಗಿ ಮುಂದಿನವರಿಗೆ ಹಂಚುವ ಕೆಲಸ. ಟಲ್ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಮೂರು ವರ್ಷಗಳಲ್ಲಿ ನೂರಹತ್ತರಷ್ಟು ಪಂದ್ಯಗಳನ್ನು ಅಲ್ಲಿ ಆಡಿದರು. ಊರವರ ಅಚ್ಚುಮೆಚ್ಚಿನ ಆಟಗಾರರಾದರು. ಟಾಟೆನ್‌ಹ್ಯಾಮ್‌ಗೆ ಬೇಡವಾದವರು ಇಲ್ಲಿ ತಂಡದ ಬೆನ್ನೆಲುಬಾದರು.

ಅಷ್ಟರಲ್ಲಿ 1914ರ ಆಗಸ್ಟ್‌ನಲ್ಲಿ ಮಹಾಯುದ್ಧ. ಸಾವಿರಾರು ಯುವಕರು ಸಾಯುತ್ತಿರುವಾಗ ಇವರು ಚೆಂಡು ಒದೆಯುತ್ತಿದ್ದಾರೆ ಎಂದು ಫುಟ್‌ಬಾಲ್ ಆಟಗಾರರ ಮೇಲೆ ಪತ್ರಿಕೆಗಳು ಹರಿಹಾಯ್ದವು. ಡಿಸೆಂಬರಿನಲ್ಲಿ ಲಂಡನ್ನಿನ ಫುಲಮ್ ಟೌನ್ ಹಾಲ್‌ನಲ್ಲಿ ಸಭೆ ಸೇರಿ ಆಟಗಾರರದ್ದೇ ಒಂದು ಪಡೆ ಕಟ್ಟಿದರು. ಅದು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಬೆಟಾಲಿಯನ್, ಜನರ ಬಾಯಲ್ಲಿ ‘ಫುಟ್‌ಬಾಲ್ ಬೆಟಾಲಿಯನ್’. ಅದೇ ತಿಂಗಳು ಟಲ್ ಸೇರಿದರು. 1915ರ ನವೆಂಬರಿನಲ್ಲಿ ಪಡೆ ಫ್ರಾನ್ಸಿಗೆ ಹೋಯಿತು. ಆ ವೇಳೆಗಾಗಲೇ ಟಲ್ ಸಾರ್ಜೆಂಟ್ ಆಗಿದ್ದರು. ಫಿರಂಗಿಯ ಗುಂಡುಗಳು ಹಗಲಿರುಳು ಬೀಳುವ ಕಂದಕಗಳಲ್ಲಿ ಎಂಥ ಗಟ್ಟಿಗನ ಮನಸ್ಸೂ ಕದಡುತ್ತದೆ. 1916ರ ಮೇ ತಿಂಗಳಲ್ಲಿ ‘ಶೆಲ್ ಶಾಕ್’ ಎಂದು ಅವರನ್ನು ಊರಿಗೆ ಕಳುಹಿಸಿದರು. ಚೇತರಿಸಿಕೊಂಡು ಮತ್ತೆ ಹೋದರು, ಫ್ರಾನ್ಸಿನ ಸೊಮ್ ಕದನದ ನಡುವಿಗೆ. ವರ್ಷದ ಕೊನೆಗೆ ಹೇನಿನಿಂದ ಹರಡುವ ಟ್ರೆಂಚ್ ಜ್ವರ ಹತ್ತಿ ಮತ್ತೆ ಆಸ್ಪತ್ರೆ ಸೇರಿದರು.

ಈ ಸಲ ಗುಣವಾದ ಮೇಲೆ ಸೈನ್ಯ ಅವರನ್ನು ಕಳುಹಿಸಿದ್ದು ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿದ್ದ ಅಧಿಕಾರಿಗಳ ತರಬೇತಿ ಶಾಲೆಗೆ. ಇದು ಸಣ್ಣ ಸಂಗತಿಯಲ್ಲ. ಬ್ರಿಟಿಷ್ ಸೈನ್ಯದ ಅಧಿಕಾರಿಯಾಗುವವನು ಶುದ್ಧ ಯುರೋಪಿಯನ್ ವಂಶದವನಾಗಿರಬೇಕು ಎಂಬುದು ಆಗಿನ ಕಟ್ಟಳೆ. ಕಪ್ಪು ಮೈಬಣ್ಣದವನು ಬಿಳಿಯ ಸೈನಿಕರಿಗೆ ಆಜ್ಞೆ ಕೊಡುವುದನ್ನು ನಿಯಮಗಳು ಒಪ್ಪುತ್ತಿರಲಿಲ್ಲ. ಆದರೂ ಟಲ್ ಅವರ ಮೇಲಧಿಕಾರಿಗಳು ಅವರ ಹೆಸರನ್ನು ಕಳುಹಿಸಿದರು, ಕಾಗದ ಎಲ್ಲ ಮೇಜುಗಳನ್ನು ದಾಟಿ ಪಾಸಾಯಿತು. ಸೊಮ್ ಕದನದಲ್ಲಿ ಅಧಿಕಾರಿಗಳು ರಾಶಿರಾಶಿಯಾಗಿ ಸತ್ತಿದ್ದರು, ಅನುಭವಿಗಳ ಅಗತ್ಯ ಹೆಚ್ಚಿತ್ತು ಎಂಬುದೂ ನಿಜ. ಇಲ್ಲೂ ಟಲ್ ಅವರೊಬ್ಬರೇ ಅಲ್ಲ, ಆ ಯುದ್ಧದಲ್ಲಿ ಬೇರೆ ಕೆಲವು ಕಪ್ಪು ಅಧಿಕಾರಿಗಳೂ ಇದ್ದರೆಂದು ಈಚಿನ ಸಂಶೋಧನೆ ತೋರಿಸಿದೆ. 1917ರ ಮೇ 30ರಂದು ಅವರು ಸೆಕೆಂಡ್ ಲೆಫ್ಟಿನೆಂಟ್ ಆದರು.

ನಮ್ಮ ಕೇಳುಗರು ಇಲ್ಲಿ ಇನ್ನೊಂದು ತಾರೀಖನ್ನು ಜೊತೆಗಿಟ್ಟು ನೋಡಬಹುದು. ಭಾರತೀಯರಿಗೂ ಇದೇ ಅಧಿಕಾರಿ ದರ್ಜೆಯನ್ನು, ಅಂದರೆ ಕಿಂಗ್ಸ್ ಕಮಿಷನ್, ಕೊಡುವ ತೀರ್ಮಾನವನ್ನು ಬ್ರಿಟಿಷ್ ಸರ್ಕಾರ ಪ್ರಕಟಿಸಿದ್ದು ಅದೇ 1917ರ ಆಗಸ್ಟ್‌ನಲ್ಲಿ. ಲಕ್ಷಾಂತರ ಭಾರತೀಯರು ಯುದ್ಧದಲ್ಲಿದ್ದರೂ ಅಲ್ಲಿಯವರೆಗೆ ಆ ದರ್ಜೆಯ ಬಾಗಿಲು ಅವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಹಾಗೆ ತೆರೆದ ಬಾಗಿಲಿನಿಂದ, ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಾಗಿ 1919ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಇದ್ದರು.

ಟಲ್ ಅವರನ್ನು ಹೊಸ ಅಧಿಕಾರಿಯಾಗಿ ಹಾಕಿದ್ದು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 23ನೆಯ ಬೆಟಾಲಿಯನ್ನಿಗೆ. ಅದು ಎರಡನೆಯ ಫುಟ್‌ಬಾಲ್ ಬೆಟಾಲಿಯನ್. 1917ರ ಕೊನೆಗೆ ಪಡೆ ಇಟಲಿಗೆ ಹೋಯಿತು. ಅಲ್ಲಿ ಪಿಯಾವೆ ನದಿಯ ಈ ದಡದಲ್ಲಿ ಬ್ರಿಟಿಷರು, ಆ ದಡದಲ್ಲಿ ಆಸ್ಟ್ರಿಯಾದ ಸೈನ್ಯ. ಪಿಯಾವೆ ಬೆಟ್ಟದಿಂದ ಇಳಿದು ಬರುವ ನದಿ. ಅಗಲವಾದ ಜಲ್ಲಿಕಲ್ಲಿನ ಪಾತ್ರದಲ್ಲಿ ಹಲವು ಕವಲುಗಳಾಗಿ ಹರಿಯುತ್ತದೆ. ಒಂದು ಕವಲು ದಾಟಿದರೆ ಬಯಲು ಜಲ್ಲಿ, ಮತ್ತೆ ನೀರು, ಮತ್ತೆ ಜಲ್ಲಿ. ಅಡಗಲು ಮರೆಯಿಲ್ಲ. ಚಳಿಗಾಲದಲ್ಲಿ ನೀರು ಕೊರೆಯುತ್ತಿರುತ್ತದೆ. ಬೂಟಿನ ಕೆಳಗೆ ಒಂದು ಕಲ್ಲು ಉರುಳಿ ಸದ್ದಾದರೂ ಎದುರು ದಡದಿಂದ ಗುಂಡು. ಇಂಥ ನದಿಯನ್ನು ರಾತ್ರಿ ಹೊತ್ತು ದಾಟಿ ಶತ್ರುವಿನ ನೆಲೆಯ ಮೇಲೆ ದಾಳಿ ಮಾಡಿ ಬರುವ ಹೊಣೆ ಟಲ್ ಅವರ ಪಾಲಿಗೆ ಬಂತು. ಜೊತೆಗೆ 26 ಸೈನಿಕರು. ಹೋದರು, ಕೆಲಸ ಮುಗಿಸಿದರು, 26 ಜನರನ್ನೂ ಒಂದು ಗಾಯವಿಲ್ಲದೆ ಕರೆತಂದರು. ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವರ ಧೈರ್ಯವನ್ನೂ ಸ್ಥಿಮಿತವನ್ನೂ ಬರಹದಲ್ಲೇ ಪ್ರಶಂಸಿಸಿದರು. ಮೈದಾನದಲ್ಲಿ ವರದಿಗಾರರು ಮೆಚ್ಚಿದ್ದ ಗುಣವನ್ನೇ ಸೇನಾಪತಿಯೂ ಗುರುತಿಸಿದ್ದರು.

1918ರ ಮಾರ್ಚ್‌ನಲ್ಲಿ ಪಡೆ ಮತ್ತೆ ಫ್ರಾನ್ಸಿಗೆ. ಮಾರ್ಚ್ 21ಕ್ಕೆ ಜರ್ಮನರು ತಮ್ಮ ಕೊನೆಯ ದೊಡ್ಡ ದಾಳಿ ಶುರು ಮಾಡಿದರು, ಬ್ರಿಟಿಷ್ ಸಾಲು ಹಿಂದೆ ಸರಿಯತೊಡಗಿತು. 25ರಂದು ಬಾಪೋಮ್ ಪಟ್ಟಣದ ಹತ್ತಿರ, ಫಾವ್ರಯ್ ಎಂಬ ಹಳ್ಳಿಯ ಬಳಿ ಟಲ್ ಅವರಿಗೆ ಗುಂಡು ಬಿತ್ತು. ಪಡೆ ಹಿಮ್ಮೆಟ್ಟುತ್ತಿತ್ತು, ಶತ್ರು ಬೆನ್ನ ಹಿಂದೆಯೇ ಇದ್ದ. ಹಾಗಿದ್ದೂ ಅವರ ಕೈಕೆಳಗಿನ ಸೈನಿಕರು ಅವರನ್ನು ಎತ್ತಿ ತರಲು ಪ್ರಯತ್ನಪಟ್ಟರು. ಟಾಮ್ ಬಿಲ್ಲಿಂಗಮ್ ಎಂಬ ಸೈನಿಕ, ಒಂದು ಕಾಲದಲ್ಲಿ ಗೋಲ್‌ಕೀಪರ್ ಆಗಿದ್ದವನು, ಸ್ವಲ್ಪ ದೂರ ಎಳೆದುಕೊಂಡೂ ಬಂದ. ಗುಂಡಿನ ಸುರಿಮಳೆಯಲ್ಲಿ ಬಿಡಬೇಕಾಯಿತು. ದೇಹ ಮತ್ತೆ ಸಿಗಲಿಲ್ಲ. ಇನ್ನು ಒಂದು ತಿಂಗಳಿಗೆ ಅವರಿಗೆ ಮೂವತ್ತು ತುಂಬುತ್ತಿತ್ತು. ಯುದ್ಧ ಮುಗಿದ ಮೇಲೆ ಅಣ್ಣನ ಊರಾದ ಗ್ಲಾಸ್ಗೊದಲ್ಲಿ ರೇಂಜರ್ಸ್ ಕ್ಲಬ್ಬಿಗೆ ಆಡುವ ಮಾತೂ ಆಗಿತ್ತು.

ಸಾವಿನ ಸುದ್ದಿಯ ಬೆನ್ನಿಗೆ ಬೆಟಾಲಿಯನ್ನಿನ ಒಬ್ಬ ಅಧಿಕಾರಿ ಅಣ್ಣ ಎಡ್ವರ್ಡ್‌ಗೆ ಪತ್ರ ಬರೆದರು. ಪಡೆಯವರೆಲ್ಲರಿಗೂ ಟಲ್ ಬೇಕಾದವರಾಗಿದ್ದರು, ತಾವು ಒಬ್ಬ ಗೆಳೆಯನನ್ನೇ ಕಳೆದುಕೊಂಡೆವು ಎಂದರು. ಮಿಲಿಟರಿ ಕ್ರಾಸ್ ಪದಕಕ್ಕೆ ಅವರ ಹೆಸರನ್ನು ಶಿಫಾರಸು ಮಾಡಿದ್ದ ಸಂಗತಿಯನ್ನೂ ತಿಳಿಸಿದರು.

ಫ್ರಾನ್ಸಿನ ಅರಾಸ್ ಸ್ಮಾರಕದ ಗೋಡೆಗಳ ಮೇಲೆ, ಸಮಾಧಿಯಿಲ್ಲದ ಸುಮಾರು 35,000 ಸೈನಿಕರ ಹೆಸರುಗಳ ನಡುವೆ ಅವರ ಹೆಸರಿದೆ. ಅದರಾಚೆಗೆ ದಶಕಗಟ್ಟಲೆ ಅವರನ್ನು ನೆನೆದವರು ಕಡಿಮೆ. ಅವರ ನಂತರದ ಕಪ್ಪು ಆಟಗಾರರ ದಾರಿಯೂ ಸುಗಮವಾಗಲಿಲ್ಲ. 1925ರಲ್ಲಿ ಪ್ಲಿಮತ್ ಆರ್ಗೈಲ್ ಕ್ಲಬ್ಬಿನ ಜಾಕ್ ಲೆಸ್ಲಿ ಅವರಿಗೆ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದಿರಿ ಎಂಬ ಸುದ್ದಿ ಬಂತು, ಕೆಲವೇ ದಿನಗಳಲ್ಲಿ ಅವರ ಹೆಸರೇ ಪಟ್ಟಿಯಿಂದ ಮಾಯವಾಯಿತು. ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಒಬ್ಬ ಕಪ್ಪು ಆಟಗಾರ ಪೂರ್ಣಪ್ರಮಾಣದ ಪಂದ್ಯ ಆಡಿದ್ದು 1978ರ ನವೆಂಬರಿನಲ್ಲಿ. ಆತ ವಿವ್ ಆಂಡರ್ಸನ್. ಬ್ರಿಸ್ಟಲ್‌ನ ಆ ಪಂದ್ಯಕ್ಕೂ ಇದಕ್ಕೂ ನಡುವೆ 69 ವರ್ಷ.

ಟಲ್ ಅವರನ್ನು ಮರೆವಿನಿಂದ ಹೊರಗೆ ತಂದವರಲ್ಲಿ ಮುಖ್ಯರು ಇತಿಹಾಸಕಾರ ಫಿಲ್ ವಾಸಿಲಿ. ಹಳೆಯ ಪತ್ರಿಕೆಗಳನ್ನೂ ಕುಟುಂಬದವರ ಬಳಿ ಉಳಿದಿದ್ದ ಕಾಗದಪತ್ರಗಳನ್ನೂ ಹುಡುಕಿ ಅವರು ಈ ಜೀವನಕಥೆಯನ್ನು ಕಟ್ಟಿಕೊಟ್ಟರು. ಮೊದಲು ಸ್ಮಾರಕ ಎಬ್ಬಿಸಿದ್ದು ಲಂಡನ್ ಅಲ್ಲ, ಆ ಬೂಟಿನ ಊರೇ. ನಾರ್ಥಾಂಪ್ಟನ್ ಕ್ಲಬ್ಬಿನ ಸಿಕ್ಸ್‌ಫೀಲ್ಡ್ಸ್ ಮೈದಾನದ ಪಕ್ಕದಲ್ಲಿ 1999ರಲ್ಲಿ ಅವರ ನೆನಪಿನ ಉದ್ಯಾನ, ಸ್ಮಾರಕ ಎದ್ದವು, ಅಲ್ಲಿಗೆ ಹೋಗುವ ರಸ್ತೆಗೂ ಅವರ ಹೆಸರಿದೆ. 2021ರಲ್ಲಿ ಅವರ ಹೆಸರು ಇಂಗ್ಲಿಷ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿತು. ಮಿಲಿಟರಿ ಕ್ರಾಸ್ ಮಾತ್ರ ಬಂದಿಲ್ಲ. ಸತ್ತ ಮೇಲಾದರೂ ಕೊಡಿ ಎಂದು ಅಭಿಮಾನಿಗಳು, ಇತಿಹಾಸಕಾರರು, ಸಂಸತ್ ಸದಸ್ಯರು ವರ್ಷಗಳಿಂದ ಕೇಳುತ್ತಿದ್ದಾರೆ. ಅಧಿಕಾರಿಯಾಗಿಸಲು ಅಡ್ಡಬಂದ ಕಟ್ಟಳೆಯನ್ನು 1917ರಲ್ಲಿ ಬದಿಗಿಟ್ಟ ಬ್ರಿಟಿಷ್ ಸರ್ಕಾರಕ್ಕೆ ಈಗ ಪದಕಕ್ಕೆ ಅಡ್ಡಬರುವ ಕಟ್ಟಳೆಯನ್ನೂ ಬದಿಗಿಡುವುದು ಕಷ್ಟವಾಗಬಾರದು. ಆ ಪದಕ ವಾಲ್ಟರ್ ಟಲ್ ಅವರಿಗೆ ಸಲ್ಲಲೇಬೇಕು.